ಸೋರುವ ಮಾಡು ಯಾರದು?

ಬಿರುಗಾಳಿ ಮಳೆ ನಿಂತ ಮರುದಿನ ನಾವು ನೆರೆಯವರನ್ನು ವಿಚಾರಿಸುತ್ತೇವೆ. "ಏನಿಲ್ಲ, ಸ್ವಲ್ಪ ಸೋರಿತು ಅಷ್ಟೆ" ಎಂಬ ಉತ್ತರ ಬಂದರೆ ನಮಗೆ ಸಮಾಧಾನ. ಗೋಡೆ ಕುಸಿದಿಲ್ಲ, ಜೀವಹಾನಿಯಾಗಿಲ್ಲ. ಆದರೆ ಆ 'ಸ್ವಲ್ಪ'ದೊಳಗೆ ನಿದ್ರೆಯಿಲ್ಲದ ರಾತ್ರಿಯಿದೆ, ಒದ್ದೆಯಾದ ಚಾಪೆಯಿದೆ, ಮಕ್ಕಳ ನೆನೆದ ಪುಸ್ತಕಗಳಿವೆ. ಸೋರುವ ಮನೆಯ ಕಷ್ಟ ಸುದ್ದಿಯಾಗುವಷ್ಟು ದೊಡ್ಡದಲ್ಲ, ಸಹಿಸಿಕೊಳ್ಳುವಷ್ಟು ಚಿಕ್ಕದೂ ಅಲ್ಲ. ಹಾಗಾದರೆ ಅದರ ಹೊಣೆ ಯಾರದು?

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಇಂತಹ ಗಾಳಿಗೆ ಹೆಂಚು ಜಾರುತ್ತದೆ, ತೆಂಗಿನ ಮಡಲು ಬಿದ್ದು ಒಡೆಯುತ್ತದೆ. ಒಡೆದ ಹೆಂಚಿನಿಂದ ಒಳಬಂದ ನೀರು ಅಲ್ಲಿಯೇ ತೊಟ್ಟಿಕ್ಕಬೇಕೆಂದಿಲ್ಲ. ರೀಪು, ಪಕ್ಕಾಸುಗಳ ಗುಂಟ ಹರಿದು ಬೇರೆಲ್ಲೋ ಬೀಳುತ್ತದೆ. ಆದ್ದರಿಂದ ಹನಿ ಬಿದ್ದಲ್ಲಿ ಪಾತ್ರೆ ಇಡುವುದು ಪರಿಹಾರವಲ್ಲ, ನೀರು ಬಂದ ದಾರಿಯನ್ನು ಹುಡುಕಬೇಕು. ಹೊಣೆಯ ವಿಷಯವೂ ಹೀಗೆಯೇ. ನೆನೆಯುವವನು ಒಬ್ಬ, ದುರಸ್ತಿ ಮಾಡಬೇಕಾದವನು ಇನ್ನೊಬ್ಬ.

ಸರಕಾರದ ನೆರವಿಗೆ ಒಂದು ಅಳತೆಯಿದೆ. 2022–23ರಿಂದ 2025–26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ಮಾನದಂಡದಂತೆ, ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಹಾನಿ ಶೇ. 15ರಷ್ಟಾದರೂ ಇರಬೇಕು. ಸಾರ್ವಜನಿಕ ಹಣ ಹಂಚುವಾಗ ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಆದರೆ ನೆರೆಯವನ ಕರ್ತವ್ಯಕ್ಕೆ ಶೇಕಡಾವಾರು ಲೆಕ್ಕವಿಲ್ಲ. ಎರಡು ಹೆಂಚು ಒಡೆದರೂ ಸಾಕು, ಅದರ ಕೆಳಗೆ ಮಲಗಿದ ಮಗು ಪೂರ್ತಿ ನೆನೆಯುತ್ತದೆ.

ಬಾಡಿಗೆ ಮನೆಯಲ್ಲಿ ಪ್ರಶ್ನೆ ಇನ್ನಷ್ಟು ಜಟಿಲ. ಮಾಲಕ ತಾನು ಮಾಡಲೇಬೇಕಾದ ದುರಸ್ತಿಯನ್ನು, ತಿಳಿಸಿದ ಬಳಿಕವೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು. ಬೇರೆ ಕರಾರಿಲ್ಲದಿದ್ದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುವುದು ಇದನ್ನೇ. ಆದರೆ "ಮನೆ ಖಾಲಿ ಮಾಡಿ" ಎಂಬ ಮಾತಿಗೆ ಹೆದರುವವನು ಈ ಹಕ್ಕನ್ನು ಚಲಾಯಿಸುವುದು ಹೇಗೆ? ಹೆದರಿದವನ ಮೌನವನ್ನು ಒಪ್ಪಿಗೆ ಎಂದು ತಿಳಿಯುವುದು ಅನ್ಯಾಯ. ಬಾಡಿಗೆ ಪಡೆಯುವವನು ನಾಲ್ಕು ಗೋಡೆಗಳಿಗಲ್ಲ, ಆಸರೆಗೆ ಹಣ ಪಡೆಯುತ್ತಿದ್ದಾನೆ. ಹಾಗೆಂದು ಎಲ್ಲ ಮಾಲಕರೂ ಶ್ರೀಮಂತರಲ್ಲ. ಇರುವ ಒಂದು ಮನೆಯ ಬಾಡಿಗೆಯಿಂದಲೇ ಜೀವನ ಸಾಗಿಸುವ ವಿಧವೆಯರೂ ಇದ್ದಾರೆ. ಅಂತಹವರು ಸಮಯ ಕೇಳಬಹುದು, ಖರ್ಚು ಹಂಚಿಕೊಳ್ಳೋಣ ಎನ್ನಬಹುದು. ಕರೆಗೆ ಉತ್ತರಿಸದೆ ಮಳೆಗಾಲ ಕಳೆಯಲೆಂದು ಕಾಯುವುದು ಮಾತ್ರ ಸಲ್ಲದು.

ನಗರದ ಫ್ಲಾಟ್‌ಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿದೆ. ತಾರಸಿ ಸೋರಿದರೆ ನೆನೆಯುವುದು ಮೇಲಿನ ಅಂತಸ್ತಿನವರು. "ನಮಗೇನೂ ಸೋರುತ್ತಿಲ್ಲ, ನಾವೇಕೆ ಹಣ ಕೊಡಬೇಕು?" ಎಂದು ಕೆಳಗಿನವರು ಕೇಳುತ್ತಾರೆ. ಮೇಲಿನವರು ಸೋರದಂತೆ ತಡೆದ ನೀರಿನಿಂದಲೇ ತಾವು ಒಣಗಿದ್ದೇವೆಂಬುದು ಅವರಿಗೆ ಹೊಳೆಯುವುದಿಲ್ಲ. ಇದೇ ತರ್ಕದಲ್ಲಿ ಮೇಲಿನವರು, "ಅಡಿಪಾಯ ನಮ್ಮದಲ್ಲ" ಎಂದರೆ? ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲಕತ್ವ ಕಾಯ್ದೆ, ಘೋಷಣಾಪತ್ರದಲ್ಲಿ ಬೇರೆ ಹೇಳಿರದಿದ್ದರೆ, ಅಡಿಪಾಯವನ್ನೂ ಛಾವಣಿಯನ್ನೂ ಸಾಮಾನ್ಯ ಆಸ್ತಿಯೆಂದೇ ಎಣಿಸುತ್ತದೆ.

ಇನ್ನೊಬ್ಬನನ್ನು ನಾವು ಮರೆಯುತ್ತೇವೆ. ಮಳೆ ತುಸು ಬಿಡುವು ಕೊಟ್ಟೊಡನೆ, ಪಾಚಿಗಟ್ಟಿದ ಒದ್ದೆ ಹೆಂಚಿನ ಮೇಲೆ ಕೂಲಿಯಾಳನ್ನು ಹತ್ತಿಸುತ್ತೇವೆ. ಅವನು ಜಾರಿದರೆ? ನಮ್ಮ ಒಂದು ರಾತ್ರಿಯ ನಿದ್ರೆಗಾಗಿ ಅವನ ಜೀವವನ್ನು ಪಣಕ್ಕಿಡುವ ಹಕ್ಕು ನಮಗಿಲ್ಲ. ಮಾಡು ಒಣಗುವವರೆಗೆ ಟಾರ್ಪಾಲು ಸಾಕಾಗದಿದ್ದರೆ, ನೆನೆಯುವ ಮನೆಯ ಮಕ್ಕಳನ್ನೂ ಹಿರಿಯರನ್ನೂ ಪಕ್ಕದ ಮನೆಯವರು ಎರಡು ರಾತ್ರಿ ಕರೆದುಕೊಳ್ಳಬಹುದಲ್ಲವೇ?

ಸೋರುವ ಮನೆಯವರು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಬಂದವರ ಮುಂದೆ ಪಾತ್ರೆಗಳನ್ನು ಸರಿಸಿಟ್ಟು, ಒಣಗಿದ ಜಾಗದಲ್ಲಿ ಕುರ್ಚಿ ಹಾಕುತ್ತಾರೆ. ಆದ್ದರಿಂದ ಕೇಳಿದರೆ ಸಾಲದು, ಹೋಗಿ ನೋಡಬೇಕು. ಬಾಡಿಗೆ ಪಡೆಯುವವರು ಮೇ ತಿಂಗಳಲ್ಲೇ ಒಮ್ಮೆ ಏಣಿ ಇಡಿಸಲಿ. ಒಣ ಮನೆಯಲ್ಲಿರುವ ನಾವು ಮಳೆಗಾಲ ಆರಂಭವಾಗುವ ಮುನ್ನವೇ ಅಕ್ಕಪಕ್ಕದ ಮಾಡುಗಳತ್ತ ಕಣ್ಣು ಹಾಯಿಸೋಣ.