ವೇಷವೂ ವಿಶ್ವಾಸವೂ

ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಪೌಂಡ್ರಕನೆಂಬ ಅರಸನು ಕೃತಕ ಶಂಖಚಕ್ರಗಳನ್ನು ಧರಿಸಿ, ತಾನೇ ವಾಸುದೇವನೆಂದು ಸಾರಿಕೊಂಡನು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಈ ಕಥೆಯನ್ನು ಸ್ಮರಿಸುವ ನಮಗೆ ಇಂದಿನ ಪೌಂಡ್ರಕರು ಮೊಬೈಲ್ ಪರದೆಯಲ್ಲಿಯೇ ಕಾಣಸಿಗುತ್ತಾರೆ. ಪರರ ಹೆಸರು, ಪರರ ಭಾವಚಿತ್ರ ಧರಿಸಿ ಸ್ನೇಹ ಬೆಳೆಸುತ್ತಾರೆ. ವಿವಾಹದ ಆಸೆ ತೋರಿಸುತ್ತಾರೆ. ಕೊನೆಗೆ ಸಂಕಟವೊಂದನ್ನು ಹೇಳಿ ಹಣ ಬೇಡುತ್ತಾರೆ.

ಸಂಶಯಪಡುವುದು ಸೌಜನ್ಯಕ್ಕೆ ಕುಂದಲ್ಲವೇ ಎಂದು ಸಜ್ಜನರು ಕೇಳಬಹುದು. ಲಕ್ಷ್ಮೇಶ್ವರದಿಂದಲೋ ಮುಂಡರಗಿಯಿಂದಲೋ ಕನ್ಯೆಗೆ ಸಂಬಂಧ ಬಂದರೆ ನಮ್ಮ ಹಿರಿಯರು ಗೋತ್ರ, ಮನೆತನ, ನಡತೆಗಳನ್ನು ಬಲ್ಲವರಿಂದ ವಿಚಾರಿಸಿಯೇ ಮುಂದುವರಿಯುತ್ತಿದ್ದರು. ಅದನ್ನು ಯಾರೂ ಅವಮಾನವೆಂದು ಬಗೆಯಲಿಲ್ಲ. ನಿರ್ದುಷ್ಟವಾದ ಇಂದ್ರಿಯವು ನಿರ್ದುಷ್ಟವಾದ ವಿಷಯದೊಡನೆ ಸೇರಿದಾಗಲೇ ಪ್ರತ್ಯಕ್ಷವೆಂಬುದು ನಮ್ಮ ಶಾಸ್ತ್ರಸಮ್ಮತ. ಚಿತ್ರವನ್ನು ಕಂಡದ್ದು ವ್ಯಕ್ತಿಯನ್ನು ಕಂಡಂತಾಗದು. ಇಂದು ಮುಖವನ್ನೂ ಧ್ವನಿಯನ್ನೂ ಯಂತ್ರವೇ ಸೃಷ್ಟಿಸಬಲ್ಲದು. ಆದುದರಿಂದ ಪರೀಕ್ಷೆಯು ವಿಶ್ವಾಸಕ್ಕೆ ವೈರಿಯಲ್ಲ, ತಳಹದಿ. ಪರೀಕ್ಷೆಗೆ ಸಿಟ್ಟಾಗುವವನೇ ಪರೀಕ್ಷೆಗೆ ಯೋಗ್ಯನು.

ಇನ್ನೊಂದು ಮಾತು. ವಂಚಿತರಾದವರು ನಾಚಿಕೆಯಿಂದ ಮೌನವಹಿಸುತ್ತಾರೆ. ಮನೆಯವರೂ ಅವರನ್ನೇ ಜರೆಯುತ್ತಾರೆ. ಪಾಪವು ವೇಷಧಾರಿಯದೇ ಹೊರತು ನಂಬಿದವರದಲ್ಲ. ಕಾಲಹರಣ ಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಬೇಕು. ಕಂಪ್ಯೂಟರ್ ಮೂಲಕ ವೇಷಾಂತರದಿಂದ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮಿನಂತೆ 3 ವರ್ಷಗಳವರೆಗೆ ಶಿಕ್ಷೆಯುಂಟು. ನೊಂದವರಿಗೆ ಬೈಗಳಿಗಿಂತ ಮೊದಲು ಆಸರೆ ದೊರೆಯಲಿ.

ಶ್ರೀಕೃಷ್ಣಾರ್ಪಣಮಸ್ತು.