ಕ್ರೈಸ್ತಮತದಲ್ಲಿ ಮುಕ್ತಿವಿಚಾರ

ತುಂಗಭದ್ರಾತೀರದ ಹರಿಹರವು ಹರಿಹರರಿಬ್ಬರೂ ಒಂದೇ ಮೂರ್ತಿಯಲ್ಲಿ ನೆಲೆಗೊಂಡ ಕ್ಷೇತ್ರವೆಂದು ಪ್ರಸಿದ್ಧವಾದುದು. ಹೊಯ್ಸಳರ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿರುವ ಆ ಊರಿನಲ್ಲಿಯೇ ಕ್ರೈಸ್ತರ ಆರೋಗ್ಯಮಾತೆಯ ಪುಣ್ಯಕ್ಷೇತ್ರವೂ ಉಂಟು. ಪ್ರತಿವರ್ಷ ಸೆಪ್ಟೆಂಬರ್ 8ರಂದು ನಡೆಯುವ ಅಲ್ಲಿಯ ಉತ್ಸವಕ್ಕೆ ಕ್ರೈಸ್ತರಲ್ಲದವರೂ ಬರುತ್ತಾರೆ. ದಾವಣಗೆರೆಯ ಕಡೆಯಿಂದ ಹೋಗುವವರಲ್ಲಿ ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದ ತಾಯಂದಿರೂ ಇಲ್ಲದಿಲ್ಲ. ಬೇನೆಬಿದ್ದ ಕೂಸಿಗೆ ಗುಣವಾಗಲೆಂದು ಬೇಡಿಕೊಳ್ಳುವುದಷ್ಟೇ ಅವರ ಉದ್ದೇಶ. ಇದು ಲಿಂಗನಿಷ್ಠೆಗೆ ಭಂಗವಲ್ಲವೇ ಎಂದು ಕೇಳುವ ಹಿರಿಯರಿದ್ದಾರೆ. ಮಾಹೇಶ್ವರಸ್ಥಲದ ದೃಷ್ಟಿಯಿಂದ ಭಂಗವೆಂದೇ ಹೇಳಬೇಕು. ಅಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಆದರೆ ಅದೇ ಹಿರಿಯರು ಮುಂದುವರಿದು, ಕ್ರೈಸ್ತರ ಮುಕ್ತಿಯೆಂದರೆ ಯೇಸುವನ್ನು ಒಪ್ಪಿದವನಿಗೆ ಸತ್ತ ಮೇಲೆ ಸ್ವರ್ಗ, ಒಪ್ಪದವನಿಗೆ ನರಕ, ಅಷ್ಟೇ ಎಂದು ತೀರ್ಪುಕೊಟ್ಟುಬಿಡುವುದು ವಿಚಾರವಂತರಿಗೆ ತಕ್ಕುದಲ್ಲ.

ಹಾಗೆ ಬೋಧಿಸಿದವರು ಇರಲಿಲ್ಲವೆಂದಲ್ಲ. ತಮ್ಮ ಸಭೆಯ ಹೊರಗೆ ಉದ್ಧಾರವಿಲ್ಲವೆಂಬ ಮಾತು ಮೂರನೆಯ ಶತಮಾನದ ಸಿಪ್ರಿಯನ್ನನಷ್ಟು ಹಳೆಯದು. 1442ರಲ್ಲಿ ಫ್ಲಾರೆನ್ಸಿನ ಮಹಾಸಭೆಯು ಅದನ್ನು ಬಹು ಕಠೋರವಾಗಿ ಸಾರಿತು. ಆದರೆ 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು, ತನ್ನ ದೋಷವಿಲ್ಲದೆ ಕ್ರಿಸ್ತನ ಸುವಾರ್ತೆಯನ್ನು ಅರಿಯದವನೂ ನಿಷ್ಕಪಟಹೃದಯದಿಂದ ದೇವರನ್ನು ಅರಸಿ, ಕೃಪೆಯ ಪ್ರೇರಣೆಯಿಂದ ತನ್ನ ಅಂತಃಸಾಕ್ಷಿಯಂತೆ ನಡೆದರೆ ಮುಕ್ತಿಯನ್ನು ಪಡೆಯಬಲ್ಲನೆಂದು ಒಪ್ಪಿಕೊಂಡಿತು. ಇದು ದೊಡ್ಡ ಮಾತೇ ಸರಿ. ಆದರೂ ಇದು ಮುಕ್ತಿ ಯಾರಿಗೆ ಎಂಬುದಕ್ಕೆ ಉತ್ತರವೇ ಹೊರತು ಮುಕ್ತಿಯೆಂದರೇನು ಎಂಬುದಕ್ಕಲ್ಲ.

ಎರಡನೆಯ ಪ್ರಶ್ನೆಗೆ ಅವರ ಶಾಸ್ತ್ರದ ಮೂಲಭಾಷೆಯಾದ ಗ್ರೀಕಿನಲ್ಲಿಯೇ ಒಂದು ಸುಳುಹು ಇದೆ. ಉದ್ಧರಿಸು ಎಂಬರ್ಥದ ‘ಸೋಜೋ’ ಎಂಬ ಕ್ರಿಯಾಪದಕ್ಕೆ ಅಲ್ಲಿ ರೋಗವನ್ನು ಗುಣಪಡಿಸು ಎಂಬರ್ಥವೂ ಉಂಟು. ಲ್ಯಾಟಿನ್ನಿನ ‘ಸಾಲುಸ್’ ಎಂದರೆ ಆರೋಗ್ಯವೂ ಹೌದು, ಉದ್ಧಾರವೂ ಹೌದು. ಹನ್ನೆರಡು ವರ್ಷಗಳ ರಕ್ತಸ್ರಾವದಿಂದ ಬಳಲಿದ ಹೆಂಗಸು ಯೇಸುವಿನ ಉಡುಪಿನ ಅಂಚನ್ನು ಮುಟ್ಟಿ ಗುಣವಾದಾಗ ಆತನು ಅವಳಿಗೆ ಹೇಳಿದ ಮಾತಿನಲ್ಲಿರುವುದು ಇದೇ ಶಬ್ದ. ಜಕ್ಕಾಯನೆಂಬ ಸುಂಕದ ಅಧಿಕಾರಿಯ ಕಥೆಯು ಇನ್ನೂ ಸ್ಪಷ್ಟ. ಅನ್ಯಾಯದಿಂದ ಕಿತ್ತುಕೊಂಡುದನ್ನು ನಾಲ್ಕುಪಟ್ಟಾಗಿ ಹಿಂದಿರುಗಿಸುತ್ತೇನೆ, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುತ್ತೇನೆ ಎಂದು ಅವನು ನುಡಿದಾಗ, ಯೇಸು ಅವನಿಗೆ ಪರಲೋಕದ ಆಸೆಯನ್ನು ತೋರಿಸಲಿಲ್ಲ. ಉದ್ಧಾರವು ಆ ದಿನವೇ ಆ ಮನೆಗೇ ಬಂದಿತೆಂದನು. ಆಂಗ್ಲ ವಿದ್ವಾಂಸರಾದ ಎನ್. ಟಿ. ರೈಟ್ ಅವರು 2008ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸತ್ತ ಮೇಲೆ ಆತ್ಮವು ಸ್ವರ್ಗಕ್ಕೆ ಹಾರಿಹೋಗುವುದೇ ಮುಕ್ತಿಯೆಂಬುದು ಕ್ರೈಸ್ತಶಾಸ್ತ್ರದ ನಿಜವಾದ ಅಭಿಪ್ರಾಯವಲ್ಲ, ದೇವರು ಈ ಸೃಷ್ಟಿಯನ್ನೇ ಹೊಸದಾಗಿಸುವುದು ಮತ್ತು ಅದರ ಕೆಲಸ ಇಲ್ಲಿಯೇ ಮೊದಲಾಗಿರುವುದು ಅದರ ತಿರುಳು ಎಂದು ವಾದಿಸಿದ್ದಾರೆ.

ಜಕ್ಕಾಯನ ಕಥೆಯನ್ನು ಕೇಳಿದ ಶರಣಭಕ್ತರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗದಿರದು. ಮಾರಯ್ಯನು ದಿನದ ಅಳತೆಯನ್ನು ಮೀರಿ ಆಯ್ದುತಂದ ಅಕ್ಕಿಯನ್ನು ಅವಳು ಅಲ್ಲಿಯೇ ಸುರಿದು ಬರಲು ಹಿಂದಕ್ಕೆ ಕಳುಹಿದಳು. ಒಬ್ಬನು ವಂಚಿಸಿ ತಂದುದನ್ನು ಬಿಟ್ಟನು. ಇನ್ನೊಬ್ಬನು ವಂಚನೆಯೇ ಇಲ್ಲದೆ ತಂದ ಹೆಚ್ಚಿನದನ್ನೂ ಬಿಟ್ಟನು. ಶರಣರ ಅಳತೆಯೇ ಬಿಗಿಯಾದುದೆಂದು ಇಲ್ಲಿ ಹೇಳಬಹುದು. ಆದರೆ ದಾವಣಗೆರೆಯ ಪೇಟೆಯಲ್ಲಿ ತಕ್ಕಡಿ ಹಿಡಿದು ಕುಳಿತ ಗೃಹಸ್ಥರಿಗೆ ಈ ಎರಡು ಕಥೆಗಳಲ್ಲಿ ಯಾವುದೂ ಸುಲಭವಲ್ಲ.

ಭೇದಗಳು ಅಳಿದುಹೋದುವೆಂದು ಮಾತ್ರ ತಿಳಿಯಬಾರದು. ಕ್ರೈಸ್ತನಿಗೆ ಉದ್ಧಾರವು ಶಿಲುಬೆಯ ಮೇಲಣ ಒಬ್ಬನ ಬಲಿದಾನದಿಂದ ಬಂದುದು. ಶರಣನಿಗೆ ಅದು ಗುರುಕೃಪೆಯಿಂದ ಕರಸ್ಥಲಕ್ಕೆ ಬಂದ ಲಿಂಗದ ಅನುಸಂಧಾನದಲ್ಲಿ ಸಾಧ್ಯವಾಗುವುದು. ಲಿಂಗಾಂಗಸಾಮರಸ್ಯದಲ್ಲಿ ಅಂಗವು ಬೇರೆಯಾಗಿ ಉಳಿಯದು. ಕ್ರೈಸ್ತರಲ್ಲಿ ಜೀವನು ದೇವರ ಸಾನ್ನಿಧ್ಯದಲ್ಲಿದ್ದರೂ ಸೃಷ್ಟಿಯಾಗಿಯೇ ಉಳಿಯುವನು. ಭೇದವನ್ನು ಅರಿತೂ ಪರರ ಅನುಭಾವವನ್ನು ಗೌರವದಿಂದ ಓದಬಹುದೆಂಬುದಕ್ಕೆ ಉತ್ತಂಗಿ ಚನ್ನಪ್ಪನವರು (1881–1962) ಸಾಕ್ಷಿ. ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದು, 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿ, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಅವರು, ಅನುಭವಮಂಟಪವು ಕಲ್ಪನೆಯೆಂದವರ ಎದುರು ಅದರ ಐತಿಹಾಸಿಕತೆಯನ್ನು ಸಮರ್ಥಿಸಿದರು. ಲಿಂಗಧಾರಿಗಳೇ ಮಾಡಬೇಕಾಗಿದ್ದ ಕೆಲಸವದು.

ಇನ್ನು ಕ್ರೈಸ್ತರು ಮುಕ್ತಿಯನ್ನು ಮರಣದ ಆಚೆಗೆ ದೂಡಿದರೆಂದು ಆಡಿಕೊಳ್ಳುವವರು ತಮ್ಮ ಮನೆಯ ಶಿವಗಣಾರಾಧನೆಯ ಪತ್ರಿಕೆಯನ್ನೊಮ್ಮೆ ತೆಗೆದು ನೋಡಬೇಕು. ಷಟ್‌ಸ್ಥಲದಲ್ಲಿ ಐಕ್ಯವು ಬದುಕಿರುವಾಗಲೇ ಸಾಧಿಸಬೇಕಾದ ಕಡೆಯ ನಿಲವು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಂಬ ಐದು ಮೆಟ್ಟಿಲುಗಳನ್ನು ಹತ್ತಿದವನಿಗೇ ಆ ಹೆಸರು. ಆದರೆ ಜೀವಮಾನವೆಲ್ಲ ಮೊದಲನೆಯ ಮೆಟ್ಟಿಲಲ್ಲೂ ಕಾಲಿಡದೆ, ಆಳುಗಳ ಕೂಲಿಯನ್ನು ತಡೆಹಿಡಿದು ತೀರಿಕೊಂಡವನ ಹೆಸರಿನ ಮುಂದೆಯೂ ಆ ಪತ್ರಿಕೆಯಲ್ಲಿ ಅಚ್ಚಾಗುವುದು ‘ಲಿಂಗೈಕ್ಯ’ ಎಂದೇ.