ಒಂದೇ ದಿನಕ್ಕೆ ಬಂದವರಿಗೆ

ಲಗ್ನಕ್ಕೋ ಗೃಹಪ್ರವೇಶಕ್ಕೋ ಜಮಖಂಡಿಗೆ ಬಂದ ಬೀಗರು ಮರುದಿನ ಮುಂಜಾನೆ ಚಾ ಕುಡಿಯುತ್ತ ಕೇಳುವ ಮಾತು ಒಂದೇ: "ಇವತ್ತೊಂದು ದಿನ ಕೈಯಾಗ ಐತಿ, ಇಲ್ಲೇನೇನ ನೋಡೂದೈತ್ರಿ?" ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಇಲ್ಲೇನೈತ್ರಿ, ಬಾದಾಮಿಗೆ ಹೋಗಿ ಬರ್ರಿ. ಪಟ್ಟದಕಲ್ಲು, ಐಹೊಳೆ, ಬರೂಮುಂದ ಕೂಡಲಸಂಗಮ." ಮುಧೋಳದಲ್ಲೂ ಇದೇ ಉತ್ತರ, ಬೀಳಗಿಯಲ್ಲೂ ಇದೇ, ರಬಕವಿ-ಬನಹಟ್ಟಿಯಲ್ಲೂ ಇದೇ. ಬೀಗರ ಅರ್ಧ ದಿನ ಕಾರಿನಲ್ಲೇ ಕಳೆಯುತ್ತದೆ. ಕತ್ತಲಾದ ಮೇಲೆ ದಣಿದು ಬಂದು ಉಂಡು ಮಲಗುತ್ತಾರೆ. ಉಳಿದುಕೊಂಡ ಊರನ್ನು ಮಾತ್ರ ನೋಡಿರುವುದಿಲ್ಲ.

ಬಾದಾಮಿಯನ್ನು ಬೇಡವೆನ್ನಲು ಯಾರಿಗೂ ಬಾಯಿ ಬಾರದು. ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಅದಕ್ಕೆ ಬೇರೆಯೇ ಒಂದು ದಿನ ಎತ್ತಿಡಬೇಕು. ನನ್ನ ತಕರಾರು "ಇಲ್ಲೇನೈತ್ರಿ" ಎಂಬ ಮಾತಿಗೆ. ನಮ್ಮ ನಾಲ್ಕೂ ಊರುಗಳಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಆದರೆ ಅದು ಗುಡಿಯ ಕಲ್ಲಿನ ಹಾಗೆ ಯಾವ ಹೊತ್ತಿಗೆ ಹೋದರೂ ಸಿಗುವಂಥದ್ದಲ್ಲ. ಕೆಲಸ ನಡೆದಾಗ ಕಾಣುತ್ತದೆ, ಹೊಳೆ ಇಳಿದಾಗ ಕಾಣುತ್ತದೆ, ಕಬ್ಬು ಕಡಿಯುವಾಗ ಕಾಣುತ್ತದೆ. ಎಲ್ಲಿಗೆ ಹೋಗಬೇಕು ಎಂದು ಕೇಳುವ ಮೊದಲು ಇದು ಯಾವ ತಿಂಗಳು, ಈಗ ಗಂಟೆ ಎಷ್ಟು ಎಂದು ಕೇಳಿಕೊಂಡವರಿಗೆ ಈ ಸೀಮೆ ಒಂದೇ ದಿನದಲ್ಲಿ ತೆರೆದುಕೊಳ್ಳುತ್ತದೆ.

ಮುಂಜಾನೆಯ ಹೊತ್ತನ್ನು ನಾನಾದರೆ ಬನಹಟ್ಟಿಗೆ ಕೊಡುತ್ತೇನೆ. ನೇಕಾರರ ಓಣಿ ಕಣ್ಣಿಗೆ ಬೀಳುವ ಮೊದಲೇ ಅದರ ಸಪ್ಪಳ ಕೇಳುತ್ತದೆ. ಪಾವರ್‌ಲೂಮ್‌ಗಳು ಮನೆಯೊಳಗೇ ಇರುವುದರಿಂದ ಕರೆಂಟ್ ಇದ್ದಷ್ಟು ಹೊತ್ತು ಓಣಿಗೆ ಓಣಿಯೇ ಖಟಖಟ ಎನ್ನುತ್ತಿರುತ್ತದೆ. ಕರೆಂಟ್ ಹೋದರೆ ಇಡೀ ಓಣಿ ಒಮ್ಮೆಲೇ ಸುಮ್ಮನಾಗುತ್ತದೆ, ಜನ ಕಟ್ಟೆಗೆ ಬಂದು ಕೂಡುತ್ತಾರೆ. ಬಾಗಿಲಲ್ಲಿ ನಿಂತು "ಒಳಗ ಬರಬಹುದೇನ್ರಿ?" ಎಂದು ಕೇಳಿದರೆ ಬೇಡ ಅನ್ನುವವರು ಅಪರೂಪ. "ಬರ್ರಿ ಅಕ್ಕಾರ, ಸೆರಗ ಹಿಡಕೊಂಡ ನಿಂದರ್ರಿ" ಎಂದು ಮಗ್ಗದ ಬೆಲ್ಟಿನ ಕಡೆ ಕೈ ತೋರಿಸುತ್ತಾರೆ.

ಒಳಗೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಹಾಸು ನೂಲು ಬೀಮಿನಿಂದ ಬಿಗಿಯಾಗಿ ಬಂದು ಎರಡಾಗಿ ಬಾಯಿ ತೆರೆಯುತ್ತದೆ, ಆ ಬಾಯೊಳಗಿಂದ ಲಾಳಿ ಈಚೆಯಿಂದ ಆಚೆಗೆ ಹೊಕ್ಕು ನೂಲನ್ನು ಎಳೆದುಕೊಂಡು ಹಾರುತ್ತದೆ. ಅದರ ವೇಗಕ್ಕೆ ಲಾಳಿ ಕಾಣುವುದೇ ಇಲ್ಲ, ಬಟ್ಟೆ ಮಾತ್ರ ಎಳೆ ಎಳೆಯಾಗಿ ಬೆಳೆಯುವುದು ಕಾಣುತ್ತದೆ. ಎಲ್ಲೋ ಒಂದು ಎಳೆ ಹರಿಯಿತೆನ್ನಿ. ನೇಕಾರ ಮಗ್ಗ ನಿಲ್ಲಿಸಿ, ನೂರಾರು ಎಳೆಗಳ ನಡುವೆ ಆ ಒಂದನ್ನೇ ಬೆರಳಿಂದ ಹುಡುಕಿ, ಗಂಟು ಹಾಕಿ, ಮತ್ತೆ ಗುಂಡಿ ಒತ್ತುತ್ತಾನೆ. ಹೊಸಬರಾದ ನಮಗೆ ಹರಿದ ಎಳೆ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಮೂಲೆಯಲ್ಲಿ ಮನೆಯ ಹೆಣ್ಣುಮಗಳು ಕಂಡಿಕೆ ಸುತ್ತುತ್ತಿರುತ್ತಾಳೆ. ಲಾಳಿಗೆ ನೂಲು ಒದಗಿಸುವ ಈ ಕೆಲಸ ನಿಂತರೆ ಮಗ್ಗವೂ ನಿಲ್ಲುತ್ತದೆ. ಆದರೂ ನೇಯ್ಗೆ ಎಂದರೆ ಜನ ಮಗ್ಗದ ಮುಂದಿನವನನ್ನೇ ನೋಡುತ್ತಾರೆ. ಬಂದವರು ಆ ಮೂಲೆಯ ಬಳಿಯೂ ಒಂದು ಗಳಿಗೆ ನಿಂತು ಮಾತಾಡಿಸಬೇಕು ಎಂಬುದು ನನ್ನ ಆಸೆ. ಫೋಟೊ ತೆಗೆಯುವ ಮುಂಚೆ ಕೇಳಬೇಕು. ಸೀರೆ ಕೊಳ್ಳುವುದಾದರೆ ಆ ಮನೆಯಲ್ಲೇ ಕೊಳ್ಳಬೇಕು, ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಬಾರದು.

ರಬಕವಿ ಮತ್ತು ಬನಹಟ್ಟಿ ಇಂದು ಜೋಡಿ ಊರು, ಒಂದೇ ನಗರಸಭೆ. ಸಂಸ್ಥಾನಗಳ ಕಾಲದಲ್ಲಿ ರಬಕವಿ ಸಾಂಗಲಿಯವರದು, ಬನಹಟ್ಟಿ ಜಮಖಂಡಿಯವರದು. ಅಲ್ಲಿಂದ ಮಹಾಲಿಂಗಪುರಕ್ಕೆ ಹೋದರೆ ಮುಧೋಳದ ಘೋರ್ಪಡೆಯವರ ಸೀಮೆ. ಬೀಳಗಿಯಾದರೆ ಇಂಗ್ಲಿಷರ ಬಿಜಾಪುರ ಜಿಲ್ಲೆಯದು. ಈಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು ಅರ್ಧ ದಿನದಲ್ಲಿ ದಾಟುವ ದಾರಿಯಲ್ಲಿ 1948ರ ತನಕ ನಾಲ್ಕು ಸರಕಾರಗಳಿದ್ದವು. ಜೊತೆಗೆ ಬಂದ ಮಕ್ಕಳಿಗೆ ದಾರಿಯಲ್ಲೇ ಹೇಳಬಹುದಾದ ಇತಿಹಾಸ ಇದು, ಇದಕ್ಕೆ ಮ್ಯೂಸಿಯಂ ಬೇಕಿಲ್ಲ.

ಚಳಿಗಾಲವಾದರೆ ಮಹಾಲಿಂಗಪುರದ ಕಡೆ ಬೆಲ್ಲದ ಗಾಣವೊಂದನ್ನು ಕೇಳಿಕೊಂಡು ಹೋಗಿ. ಕಬ್ಬಿನ ಹಂಗಾಮು ಮುಗಿದ ಮೇಲೆ ಹೋದವರಿಗೆ ಆರಿದ ಒಲೆ, ಬರಿದಾದ ಕಡಾಯಿ ಸಿಗುತ್ತವೆ. ಹಂಗಾಮಿನಲ್ಲಿ ಹೋದವರಿಗೆ ಕುದಿಯುವ ರಸ, ಮೇಲೆ ಎದ್ದ ನೊರೆಯನ್ನು ತೆಗೆದು ಹಾಕುವ ಕೈ, ಪಾಕ ಹದಕ್ಕೆ ಬಂತೆಂದು ವಾಸನೆಯಿಂದಲೇ ಹೇಳುವ ಅನುಭವಸ್ಥರು ಸಿಗುತ್ತಾರೆ. ಸಕ್ಕರೆ ಕಾರ್ಖಾನೆಗಳು ಹೆಚ್ಚಿದ ಈ ಸೀಮೆಯಲ್ಲಿ ಗಾಣಗಳನ್ನು ಹುಡುಕಿಕೊಂಡು ಹೋಗಬೇಕಾಗಿ ಬಂದಿದೆ. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಮುಧೋಳ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ನಾಯಿ. ಅದರಲ್ಲಿ ಬೇಸರಪಡುವುದೇನೂ ಇಲ್ಲ. ಉದ್ದ ಸಪೂರ ಮುಖ, ಆಳ ಎದೆ, ಒಳಗೆ ಸೇರಿಹೋದ ಹೊಟ್ಟೆ, ಚರ್ಮದ ಕೆಳಗೆ ಎಣಿಸಬಹುದಾದಂಥ ಪಕ್ಕೆಲುಬು. ನಿಂತಾಗ ಬಡಕಲಾಗಿ ಕಾಣುವ ಈ ಪ್ರಾಣಿ ಓಡಲು ಶುರು ಮಾಡಿದಾಗ ಆ ಮೈ ಯಾಕೆ ಹಾಗಿದೆ ಎಂದು ತಿಳಿಯುತ್ತದೆ. ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ತಳಿ ಇದು. ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟದ್ದು, 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದದ್ದು ಎಲ್ಲರೂ ಹೇಳುವ ಸಂಗತಿ. ಊರ ಹತ್ತಿರದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿಗೆ ಹೋಗುವವರು ಕಚೇರಿ ವೇಳೆ ನೋಡಿಕೊಂಡು, ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಮಕ್ಕಳಿದ್ದರೆ ಇದನ್ನೇ ಆರಿಸಿಕೊಳ್ಳಿ.

ಓದುವ ಹಿರಿಯರಿದ್ದರೆ ಇದೇ ಊರು ರನ್ನನದು. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಹುಡುಗ ಚಾಲುಕ್ಯ ಚಕ್ರವರ್ತಿಯ ಆಸ್ಥಾನಕ್ಕೆ ಕವಿಯಾಗಿ ಹೋದ, ದುರ್ಯೋಧನನ ಕೊನೆಯ ದಿನವನ್ನು ಕನ್ನಡ ಮರೆಯದಂತೆ ಬರೆದ. ಇಲ್ಲಿ ನೋಡಲು ಅವನ ಕಾಲದ ಮನೆಯಿಲ್ಲ. ಘಟಪ್ರಭೆ ಇದೆ, ಬಳೆ ಅಂಗಡಿಗಳಿವೆ. ನನಗೆ ಅಷ್ಟು ಸಾಕು. ಇದೇ ತಾಲ್ಲೂಕಿನ ಹಲಗಲಿಗೆ ಹೋಗಬಯಸುವವರು ಅದೊಂದಕ್ಕೇ ಅರ್ಧ ದಿನ ಇಡಲಿ. ಆಯುಧಗಳನ್ನು ಒಪ್ಪಿಸಿ ಎಂದ ಕಾನೂನಿಗೆ 1857ರಲ್ಲಿ ಎದುರು ನಿಂತ ಬೇಡರ ಊರದು. ಕಂಪನಿ ಸರಕಾರದ ದಂಡು ಊರನ್ನು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು. ಲಾವಣಿಯಲ್ಲಿ ಉಳಿದ ಆ ಹೆಸರುಗಳನ್ನು ನಾಯಿ ನೋಡಿ ಊಟಕ್ಕೆ ಹೋಗುವ ನಡುವಿನ ಇಪ್ಪತ್ತು ನಿಮಿಷದಲ್ಲಿ ಮುಗಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಬೀಳಗಿ ತಾಲ್ಲೂಕಿನಲ್ಲಿ ಹೊತ್ತನ್ನು ಹೊಳೆಯೇ ಹೇಳುತ್ತದೆ. ಕೃಷ್ಣೆ ಮತ್ತು ಘಟಪ್ರಭೆ ಕೂಡುವ ಚಿಕ್ಕಸಂಗಮದ ಸಂಗಮೇಶ್ವರ ಗುಡಿ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಸೇರಿದೆ. ನೀರು ತುಂಬಿದ ತಿಂಗಳುಗಳಲ್ಲಿ ಗುಡಿ ಮುಳುಗುತ್ತದೆ, ಬೇಸಿಗೆಯಲ್ಲಿ ಹೊಳೆ ಇಳಿದ ಮೇಲೆ ಮತ್ತೆ ಎದ್ದು ನಿಲ್ಲುತ್ತದೆ. ದೀಪಾವಳಿ ರಜೆಗೆ ಬಂದವರಿಗೆ ತೋರಿಸಲು ಬರಿ ನೀರಿರುತ್ತದೆ. ಏಪ್ರಿಲ್‌ನಲ್ಲಿ ಬಂದವರು ಕೆಸರು ಒಣಗಿದ ಮೆಟ್ಟಿಲ ಮೇಲೆ ನಡೆದು ದೇವರ ದರ್ಶನ ಪಡೆಯಬಹುದು. ಈ ಹಿನ್ನೀರು ಬಂದು ಹೋಗುವ ನೆಲದಲ್ಲಿ ಒಂದು ಕಾಲಕ್ಕೆ ಹೊಲ, ಮನೆ, ಊರುಗಳಿದ್ದವು. ಬಿಟ್ಟುಹೋದವರು ಪುನರ್ವಸತಿ ಕೇಂದ್ರಗಳಲ್ಲಿದ್ದಾರೆ. ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಲು ಸಾಧ್ಯವಾದರೆ, ನೀರಿನ ಕಡೆ ಬೆರಳು ಮಾಡಿ "ಅಲ್ಲಿ ನಮ್ಮ ಮನಿ ಇತ್ರಿ" ಎನ್ನುವ ಆ ಮಾತಿಗಾದರೂ ಪ್ರವಾಸ ಸಾರ್ಥಕ.

ಬೀಳಗಿ ಪೇಟೆ ದಾಟುವಾಗ ಅಮೀರಬಾಯಿ ಕರ್ನಾಟಕಿಯನ್ನು ನೆನೆಯಿರಿ. 1943ರ 'ಕಿಸ್ಮತ್' ಸಿನಿಮಾದ ಹಾಡುಗಳಿಂದ ಇಡೀ ದೇಶ ಕೇಳಿದ ಆ ಕಂಠ ಈ ಊರಿನದು. ತಂಗುವ ಬದಲು ದಾರಿಯಲ್ಲಿ ಆಕೆಯದೊಂದು ಹಾಡು ಹಾಕಿಕೊಂಡರೆ ಸಾಕು. 2016ರಲ್ಲಿ ಘೋಷಣೆಯಾದ, ಬೀಳಗಿ-ಮುಧೋಳ ಗಡಿಯ ಯಡಹಳ್ಳಿ ಚಿಂಕಾರ ಅಭಯಾರಣ್ಯಕ್ಕೆ ಬಿಸಿಲೇರುವ ಮೊದಲೇ ಹೋಗಬೇಕು. ಬನಹಟ್ಟಿಯ ಮಗ್ಗವನ್ನೂ ಅದೇ ಮುಂಜಾನೆಗೆ ಸೇರಿಸಲು ಹೊರಟರೆ ಎರಡೂ ಕೈತಪ್ಪುತ್ತವೆ.

ಸಂಜೆಗೆ ಜಮಖಂಡಿಯ ರಾಮತೀರ್ಥ ಗುಡ್ಡ ಇದ್ದೇ ಇದೆ. ಸಂಸ್ಥಾನವನ್ನು ಆಳಿದ ಪಟವರ್ಧನರ ಅರಮನೆ ಅಲ್ಲೇ. ಆದರೆ ಒಂದನ್ನೇ ನೋಡಿ ಎಂದರೆ ನಾನು ಕೃಷ್ಣಾ ತೀರದ ಚಿಕ್ಕಪಡಸಲಗಿಗೆ ಕಳಿಸುತ್ತೇನೆ. 1989ರಲ್ಲಿ ರೈತರು ಸರಕಾರಕ್ಕೆ ಕಾಯದೆ, ತಾವೇ ಪಟ್ಟಿ ಎತ್ತಿ, ತಾವೇ ದುಡಿದು ಕಟ್ಟಿದ ಬ್ಯಾರೇಜ್ ಅಲ್ಲಿದೆ. ಹೆಸರು ಶ್ರಮಬಿಂದು ಸಾಗರ. ಮುಂದೆ ನಿಂತ ಸಿದ್ದು ನ್ಯಾಮಗೌಡರನ್ನು ಜನ 'ಬ್ಯಾರೇಜ್ ಸಿದ್ದು' ಎಂದೇ ಕರೆದರು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರಂಥ ನಾಯಕರನ್ನು ಸೋಲಿಸಿದರು ಎಂದರೆ ಆ ಕಟ್ಟೆಯ ತೂಕ ಎಷ್ಟಿತ್ತೆಂದು ತಿಳಿಯಬಹುದು. ನೀರು ನಿಂತ ದಿನಗಳಲ್ಲಿ ಅದರ ಮೇಲಿಂದ ಎರಡೂ ದಂಡೆಯ ಕಬ್ಬಿನ ಹಸಿರನ್ನು ನೋಡಬೇಕು.

ಇಷ್ಟನ್ನೂ ಒಂದೇ ದಿನಕ್ಕೆ ತುರುಕಬೇಡಿ. ಮುಂಜಾನೆಗೆ ಒಂದು, ಇಳಿಹೊತ್ತಿಗೆ ಒಂದು, ನಡುವೆ ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊರಿನವರಾದ ನಮಗೂ ಒಂದು ಕೆಲಸವಿದೆ. ನಾಲ್ಕೂ ಊರಿನ ಬಸ್ ನಿಲ್ದಾಣಗಳಲ್ಲಿ ಒಂದೊಂದು ಫಲಕ ಹಾಕಲು ನಗರಸಭೆ, ಪಟ್ಟಣ ಪಂಚಾಯ್ತಿಗಳಿಗೆ ದೊಡ್ಡ ಖರ್ಚೇನೂ ಬೀಳದು. ಮಗ್ಗದ ಓಣಿಗೆ ದಾರಿ ಯಾವುದು, ಗಾಣ ಯಾವ ತಿಂಗಳಿಂದ ಯಾವ ತಿಂಗಳವರೆಗೆ ನಡೆಯುತ್ತದೆ, ಚಿಕ್ಕಸಂಗಮದ ಗುಡಿ ಈಗ ನೀರೊಳಗಿದೆಯೋ ಹೊರಗಿದೆಯೋ, ಅಲ್ಲಿಗೆ ಹೋಗುವ ಬಸ್ಸು ಎಷ್ಟು ಗಂಟೆಗೆ, ಮರಳುವ ಕೊನೆಯ ಬಸ್ಸು ಯಾವುದು ಎಂದು ಅದರಲ್ಲಿ ಬರೆದಿರಲಿ, ತಿಂಗಳಿಗೊಮ್ಮೆ ತಿದ್ದುತ್ತಿರಲಿ.